ಮಗುವಿನ ಹಣೆ, ರೆಪ್ಪೆ ಮೇಲೆ ಕೆಂಪು ಮಚ್ಚೆ. ಸ್ಟರ್ಜ್-ವೆಬರ್ ಇರಬಹುದು ಎಂದಿದ್ದಾರೆ. ಮುಂದೇನು?

ಮಗಳಪ್ಪ:

ಎಲ್ಲರಿಗೂ ನಮಸ್ಕಾರ. ಮಗಳಿಗೆ ಈಗ ಎರಡು ತಿಂಗಳು. ಹುಟ್ಟುವಾಗಲೇ ಮುಖದ ಬಲಗಡೆ ಕೆಂಪು ಮಚ್ಚೆ ಇತ್ತು. ಬಲ ಹಣೆ, ಮೇಲಿನ ರೆಪ್ಪೆ ಪೂರ್ತಿ, ಕೆನ್ನೆಯ ಮೇಲೂ ಸ್ವಲ್ಪ. ಹಣೆಯ ಮಧ್ಯಕ್ಕೆ ಬಂದು ಸ್ಕೇಲ್ ಇಟ್ಟು ಗೆರೆ ಎಳೆದ ಹಾಗೆ ನಿಂತುಬಿಟ್ಟಿದೆ, ಎಡಗಡೆ ಏನೂ ಇಲ್ಲ. ಹೆರಿಗೆ ಆದ ಕಡೆ ‘ಒತ್ತಡಕ್ಕೆ ಕೆಂಪಾಗಿದೆ, ತಾನೇ ಹೋಗುತ್ತೆ’ ಎಂದು ಕಳಿಸಿದರು. ಹೋಗಲಿಲ್ಲ. ಅತ್ತಾಗ ಇನ್ನೂ ಗಾಢವಾಗುತ್ತದೆ.

ಮೊನ್ನೆ ಲಸಿಕೆಗೆ ಹೋದಾಗ ಬೇರೆ ಡಾಕ್ಟರ್ ಇದ್ದರು. ಮಚ್ಚೆ ನೋಡಿದ್ದೇ, ಇದು ಪೋರ್ಟ್ ವೈನ್ ಸ್ಟೇನ್ (ಹುಟ್ಟಿನಿಂದ ಬರುವ ರಕ್ತನಾಳದ ಮಚ್ಚೆ), ಜಾಗ ನೋಡಿದರೆ ಸ್ಟರ್ಜ್-ವೆಬರ್ ಸಿಂಡ್ರೋಮ್, ಅಂದರೆ ಮಚ್ಚೆಯ ಜೊತೆ ಕಣ್ಣು, ಮಿದುಳಿನ ರಕ್ತನಾಳಗಳಲ್ಲೂ ತೊಂದರೆ, ಇರಬಹುದು, ಕಣ್ಣಿನ ಡಾಕ್ಟರನ್ನೂ ನ್ಯೂರಾಲಜಿಸ್ಟನ್ನೂ ಕಾಣಿ ಎಂದು ಚೀಟಿ ಬರೆದುಕೊಟ್ಟರು. ‘ಫಿಟ್ಸ್ ಏನಾದರೂ ಬಂದಿದೆಯಾ?’ ಎಂದು ಕೇಳಿದರು. ಇಲ್ಲ ಎಂದೆವು. ಆಮೇಲೆ ಮನೆಗೆ ಬಂದು ನೆಟ್‌ನಲ್ಲಿ ಓದಿದ್ದೇ ತಪ್ಪಾಯಿತು ಅನಿಸುತ್ತಿದೆ. ಲಕ್ವ, ಕುರುಡು, ಬುದ್ಧಿಮಾಂದ್ಯ, ಮಿದುಳಿನ ಆಪರೇಷನ್, ಎಲ್ಲ ಒಂದೇ ಪುಟದಲ್ಲಿ.

ಮಗು ನೋಡಿದರೆ ಆರಾಮಾಗಿದೆ. ಹಾಲು ಕುಡಿಯುತ್ತಾಳೆ, ನಗುತ್ತಾಳೆ. ಬಲಗಣ್ಣಲ್ಲಿ ಆಗಾಗ ನೀರು ಬರುತ್ತದೆ, ಅದು ಎಲ್ಲ ಮಕ್ಕಳಿಗೂ ಇರುತ್ತದೆ ಅಲ್ವಾ? ನನ್ನ ಪ್ರಶ್ನೆ ಇಷ್ಟೇ. ಮೊದಲು ಯಾರನ್ನು ನೋಡಬೇಕು, ಯಾವುದು ತುರ್ತು, ಯಾವುದು ಕಾಯಬಹುದು? ಎಂಆರ್‌ಐ ಈಗಲೇ ಮಾಡಿಸಬೇಕಾ? ಇನ್ನೊಂದು, ಹೆಂಡತಿ ದಿನಾ ಕೇಳುತ್ತಿದ್ದಾಳೆ, ಬಸುರಿಯಾಗಿದ್ದಾಗ ತಾನು ಏನೋ ಮಾಡಿದ್ದಕ್ಕೇ ಹೀಗಾಯಿತಾ ಎಂದು. ಅವಳಿಗೆ ಏನು ಹೇಳಲಿ?

ನಿದ್ದೆಗೆಟ್ಟ ಅಮ್ಮ:

ಮೊದಲು ನಿಮ್ಮ ಹೆಂಡತಿಗೆ ಹೇಳಿ: ಇಲ್ಲ. ಅವರು ತಿಂದದ್ದು, ಬಿಟ್ಟದ್ದು, ಬಿದ್ದದ್ದು, ಅತ್ತದ್ದು, ಯಾವುದಕ್ಕೂ ಇದಕ್ಕೂ ಸಂಬಂಧವಿಲ್ಲ. ಯಾಕೆ ಎಂದು ಇಲ್ಲಿ ಯಾರಾದರೂ ನನಗಿಂತ ಚೆನ್ನಾಗಿ ಹೇಳುತ್ತಾರೆ, ನಾನು ಉಳಿದದ್ದಕ್ಕೆ ಬರುತ್ತೇನೆ.

ನನ್ನ ಮಗನಿಗೆ ಸ್ಟರ್ಜ್-ವೆಬರ್ ಇದೆ. ಈಗ ಅವನಿಗೆ ಏಳು ವರ್ಷ, ಶಾಲೆಗೆ ಹೋಗುತ್ತಾನೆ, ಮಾತು ಕೇಳುವುದಿಲ್ಲ, ಒಟ್ಟಿನಲ್ಲಿ ಏಳು ವರ್ಷದ ಹುಡುಗ. ನೀವು ಓದಿದ ಆ ಪುಟದಲ್ಲಿರುವುದೆಲ್ಲ ಒಂದೇ ಮಗುವಿಗೆ ಬರುವುದಿಲ್ಲ. ಮಚ್ಚೆ ಮಾತ್ರ ಇದ್ದು ಮಿದುಳು, ಕಣ್ಣು ಎರಡೂ ಸರಿ ಇರುವವರಿದ್ದಾರೆ. ಅವರಿಗೆ ಸಿಂಡ್ರೋಮ್ ಇಲ್ಲ ಎಂದೇ ಅರ್ಥ. ಮಚ್ಚೆಯ ಜೊತೆ ಕಣ್ಣಿನ ತೊಂದರೆ ಮಾತ್ರ ಇರುವವರಿದ್ದಾರೆ. ಮುಖದಲ್ಲಿ ಮಚ್ಚೆಯೇ ಇಲ್ಲದೆ ಮಿದುಳಿನ ಹೊದಿಕೆಯಲ್ಲಿ ಮಾತ್ರ ರಕ್ತನಾಳದ ತೊಂದರೆ ಇರುವವರೂ ಇದ್ದಾರೆ, ಅವರಿಗೆ ಪಾಪ ಫಿಟ್ಸ್ ಬರುವವರೆಗೆ ಗೊತ್ತೇ ಆಗುವುದಿಲ್ಲ. ನಿಮಗೆ ಕನಿಷ್ಠ ಮೊದಲೇ ಎಚ್ಚರಿಕೆ ಸಿಕ್ಕಿದೆ.

ಯಾವುದು ತುರ್ತು ಎಂದು ಕೇಳಿದಿರಿ. ಕಣ್ಣು. ಈ ವಾರವೇ. ಒಂದು ಕಣ್ಣಲ್ಲಿ ಮಾತ್ರ ನೀರು ಎಂದಿರಲ್ಲ, ಅದು ಮಚ್ಚೆ ಇರುವ ಕಡೆಯೇ ಅಂದಮೇಲೆ ಸುಮ್ನೆ ಕೂರಬೇಡಿ.

ಎರಡನೆಯದು ಫಿಟ್ಸ್. ಮಿದುಳಿನ ಮೇಲೂ ಈ ರಕ್ತನಾಳಗಳು ಇದ್ದರೆ ಹೆಚ್ಚಿನ ಮಕ್ಕಳಿಗೆ ಫಿಟ್ಸ್ ಬರುತ್ತದೆ, ಬಹುಪಾಲು ಮೊದಲ ವರ್ಷದಲ್ಲೇ. ಅದು ಹೇಗಿರುತ್ತದೆ ಎಂದು ನಮಗೆ ಯಾರೂ ಸರಿಯಾಗಿ ಹೇಳಿರಲಿಲ್ಲ. ಸಿನಿಮಾದಲ್ಲಿ ತೋರಿಸುವ ಹಾಗೆ ಕೈಕಾಲು ಬಡಿದು ನೊರೆ ಬರುತ್ತದೆ ಎಂದುಕೊಂಡಿದ್ದೆ. ನನ್ನ ಮಗನಿಗೆ ಮಚ್ಚೆ ಎಡಗಡೆ. ಒಂದು ದಿನ ಹಾಲು ಕುಡಿಯುತ್ತಾ ಕುಡಿಯುತ್ತಾ ಬಲಗೈ ಹೆಬ್ಬೆರಳು ಒಂದೇ ಸಮ ಮಿಡಿಯತೊಡಗಿತು, ಗಡಿಯಾರದ ಮುಳ್ಳಿನ ಹಾಗೆ. ಮುಖ ಶಾಂತವಾಗಿತ್ತು. ಬೆರಳನ್ನು ನನ್ನ ಕೈಯಲ್ಲಿ ಹಿಡಿದರೂ ಒಳಗೇ ಮಿಡಿಯುತ್ತಿತ್ತು. ಅದೇ ಗುರುತು: ಮಗು ಸುಮ್ನೆ ಬೆಚ್ಚಿದ್ದಾದರೆ ಹಿಡಿದರೆ ನಿಲ್ಲುತ್ತದೆ, ಫಿಟ್ಸ್ ಆದರೆ ನಿಲ್ಲುವುದಿಲ್ಲ. ಆಮೇಲೆ ಎರಡೂ ಕಣ್ಣು ಬಲಕ್ಕೆ ಎಳೆದುಕೊಂಡವು. ಎಡ ಮಿದುಳು ಬಲ ಮೈಯನ್ನು ನಡೆಸುವುದರಿಂದ ಮಚ್ಚೆಯ ಎದುರು ಬದಿಯಲ್ಲೇ ಹೀಗಾಗುತ್ತದೆ. ನಿಮ್ಮ ಮಗಳಿಗಾದರೆ ಎಡಗೈ, ಎಡಗಾಲು, ಬಾಯಿಯ ಎಡ ಮೂಲೆ ನೋಡಿ.

ಹಾಗೆ ಏನಾದರೂ ಕಂಡರೆ ಒಬ್ಬರು ಮಗುವನ್ನು ಮಗ್ಗುಲಿಗೆ ಮಲಗಿಸಿ, ಇನ್ನೊಬ್ಬರು ಮೊಬೈಲ್‌ನಲ್ಲಿ ವಿಡಿಯೋ ತೆಗೆಯಿರಿ. ಬಾಯಿಗೆ ಏನೂ ಹಾಕಬೇಡಿ, ನೀರೂ ಬೇಡ, ಬೆರಳೂ ಬೇಡ. ಮೊದಲ ಸಲ ಆದರೆ ಎಷ್ಟು ಹೊತ್ತಿಗೆ ನಿಂತರೂ ಸರಿ ನೇರ ಆಸ್ಪತ್ರೆಗೆ ಹೋಗಿ. ಮುಂದೆಯೂ ಐದು ನಿಮಿಷ ದಾಟಿತು ಎಂದರೆ ತುರ್ತೇ. ವಿಡಿಯೋ ಯಾಕೆಂದರೆ ಡಾಕ್ಟರ ಮುಂದೆ ನಾವು ಬಾಯಲ್ಲಿ ಎಷ್ಟು ವರ್ಣಿಸಿದರೂ ಅವರಿಗೆ ಅರ್ಧ ನಿಮಿಷದ ವಿಡಿಯೋ ಹೇಳುವಷ್ಟು ಗೊತ್ತಾಗುವುದಿಲ್ಲ.

ಗುಂಡನ ಮಾವ:

ಇಷ್ಟೆಲ್ಲ ಹೆದರಿಸಬೇಡಿ ಸ್ವಾಮಿ. ನನ್ನ ತಂಗಿ ಮಗನಿಗೂ ಹಣೆ ಮೇಲೆ ಕೆಂಪಗೆ ಇತ್ತು, ಪ್ರೊಪ್ರನಲಾಲ್ ಅಂತ ಒಂದು ಸಿರಪ್ ಕೊಟ್ಟರು, ಒಂದು ವರ್ಷದಲ್ಲಿ ಗುರುತೇ ಇಲ್ಲ. ಅದನ್ನೇ ಕೇಳಿ ನೋಡಿ.

ಓದಿ ಹೇಳುವವ:

ಗುಂಡನ ಮಾವ ಅವರೇ, ನಿಮ್ಮ ಅಳಿಯನಿಗೆ ಇದ್ದದ್ದು ಬಹುಶಃ ಹೆಮಾಂಜಿಯೋಮ, ಅಂದರೆ ರಕ್ತನಾಳಗಳ ಗಂಟು. ಅದೂ ಕೆಂಪು, ಇದೂ ಕೆಂಪು, ಆದರೆ ಒಳಗಿನ ಕಥೆ ಬೇರೆ. ಈ ಗೊಂದಲ ಎಷ್ಟು ಸಾಮಾನ್ಯ ಎಂದರೆ ಡಾಕ್ಟರ ಚೀಟಿಯಲ್ಲೂ ಕೆಲವೊಮ್ಮೆ ಒಂದರ ಹೆಸರು ಇನ್ನೊಂದಕ್ಕೆ ಬಿದ್ದಿರುತ್ತದೆ. ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಹೆಮಾಂಜಿಯೋಮ ಹುಟ್ಟುವಾಗ ಇರುವುದೇ ಇಲ್ಲ, ಇದ್ದರೂ ಸಣ್ಣ ಚುಕ್ಕಿ. ಮೊದಲ ವಾರಗಳಲ್ಲಿ ಶುರುವಾಗಿ ಉಬ್ಬಿ ಬೆಳೆಯುತ್ತದೆ, ಆಮೇಲೆ ವರ್ಷಗಳಲ್ಲಿ ತಾನೇ ಕುಗ್ಗುತ್ತದೆ. ಪ್ರೊಪ್ರನಲಾಲ್ ಕೆಲಸ ಮಾಡುವುದು ಅದಕ್ಕೆ. ಅದು ಮುಖದಲ್ಲಿ ದೊಡ್ಡ ಪಟ್ಟಿಯ ಹಾಗೆ ಹರಡಿದ್ದರೆ ಬೇರೆಯೇ ಒಂದು ಸಿಂಡ್ರೋಮ್ ನೋಡಬೇಕಾಗುತ್ತದೆ, ಅದರ ಹೆಸರು ಫೇಸ್ (ಇಂಗ್ಲಿಷ್‌ನಲ್ಲಿ PHACE), 1996ರಲ್ಲಿ ಇಟ್ಟದ್ದು. ಅದರಲ್ಲಿ ಮಿದುಳಿಗೆ ಹೋಗುವ ದೊಡ್ಡ ರಕ್ತನಾಳಗಳು, ಹೃದಯ, ಕಣ್ಣು ಇವುಗಳ ತೊಂದರೆ ಜೊತೆಗಿರಬಹುದು. ಹೆಣ್ಣುಮಕ್ಕಳಲ್ಲಿ ಜಾಸ್ತಿ. ಅಂಥ ಮಕ್ಕಳಿಗೆ ಮಿದುಳಿನ ರಕ್ತನಾಳಗಳ ಸ್ಕ್ಯಾನ್ ಆಗುವ ಮೊದಲು ಪ್ರೊಪ್ರನಲಾಲ್ ಶುರು ಮಾಡಲು ಡಾಕ್ಟರುಗಳೇ ಹಿಂದೆಮುಂದೆ ನೋಡುತ್ತಾರೆ. ಆದ್ದರಿಂದ ಮಚ್ಚೆಗೆ ಸಿರಪ್ ಕೇಳಿ ನೋಡಿ ಎನ್ನುವ ಸಲಹೆ ದಯವಿಟ್ಟು ಬೇಡ.

ಇನ್ನೊಂದು, ಹೆರಿಗೆ ಆದ ಕಡೆ ‘ಹೋಗುತ್ತೆ’ ಎಂದದ್ದು ಇದನ್ನು ಸ್ಯಾಮನ್ ಪ್ಯಾಚ್ ಎಂದುಕೊಂಡು ಇರಬೇಕು. ಅದು ಬಹಳ ಮಕ್ಕಳಿಗೆ ಇರುತ್ತದೆ: ಹಣೆಯ ನಡುವೆ, ಎರಡೂ ರೆಪ್ಪೆ ಮೇಲೆ, ಕತ್ತಿನ ಹಿಂದೆ, ತಿಳಿ ಗುಲಾಬಿ. ಮುಖದ್ದು ಒಂದೆರಡು ವರ್ಷದಲ್ಲಿ ಮಾಸುತ್ತದೆ. ಪೋರ್ಟ್ ವೈನ್ ಸ್ಟೇನ್ ಸಾಮಾನ್ಯವಾಗಿ ಒಂದೇ ಬದಿಗೆ ಇರುತ್ತದೆ, ನಡುಗೆರೆಗೆ ಬಂದು ನಿಲ್ಲುತ್ತದೆ, ಮಾಸುವುದಿಲ್ಲ, ಮಗು ಬೆಳೆದ ಹಾಗೆ ಅದೂ ಬೆಳೆಯುತ್ತದೆ. ಮೈಬಣ್ಣ ಕಪ್ಪಿದ್ದರೆ ಅದು ಕೆಂಪಗೆ ಕಾಣುವುದೂ ಇಲ್ಲ, ಸ್ವಲ್ಪ ನೇರಳೆ, ಕಂದು ಛಾಯೆ ಅಷ್ಟೇ. ಹಾಗಾಗಿ ತಪ್ಪಿಹೋಗುವುದೂ ಜಾಸ್ತಿ.

ಈಗ ನಿಮ್ಮ ಹೆಂಡತಿಯ ಪ್ರಶ್ನೆ. ಇದಕ್ಕೆ ಗಟ್ಟಿ ಉತ್ತರ ಇದೆ, ಮತ್ತು ಅದು ಸಿಕ್ಕಿದ್ದು 2013ರಲ್ಲಿ. ಜಿಎನ್‌ಎಕ್ಯೂ ಎನ್ನುವ ಜೀನ್‌ನಲ್ಲಿ ಒಂದೇ ಒಂದು ಅಕ್ಷರ ಬದಲಾಗಿರುತ್ತದೆ. ಈ ಬದಲಾವಣೆ ತಾಯಿಯ ಅಂಡದಲ್ಲೂ ಇರಲಿಲ್ಲ, ತಂದೆಯ ವೀರ್ಯದಲ್ಲೂ ಇರಲಿಲ್ಲ. ಗರ್ಭ ಕಟ್ಟಿದ ಮೇಲೆ, ಭ್ರೂಣದ ಯಾವುದೋ ಒಂದು ಜೀವಕೋಶ ಎರಡಾಗುವಾಗ ಆದ ನಕಲಿನ ತಪ್ಪು. ಆ ಕೋಶದಿಂದ ಹುಟ್ಟಿದ ಕೋಶಗಳಲ್ಲಿ ಮಾತ್ರ ಅದು ಉಳಿದುಕೊಳ್ಳುತ್ತದೆ. ಆ ಅಧ್ಯಯನದಲ್ಲಿ ಸ್ಟರ್ಜ್-ವೆಬರ್ ಇದ್ದ 26 ಜನರಲ್ಲಿ 23 ಜನರ ಚರ್ಮ ಅಥವಾ ಮಿದುಳಿನ ತುಣುಕಿನಲ್ಲಿ ಇದು ಸಿಕ್ಕಿತು, ಬರೀ ಮಚ್ಚೆ ಇದ್ದ 13 ಜನರಲ್ಲಿ 12 ಜನರಲ್ಲೂ ಅದೇ ಸಿಕ್ಕಿತು. ಅಂದರೆ ಮಚ್ಚೆ ಮಾತ್ರ ಇರುವವರಿಗೂ ಸಿಂಡ್ರೋಮ್ ಇರುವವರಿಗೂ ಆದ ಬದಲಾವಣೆ ಒಂದೇ. ಅದು ಎಷ್ಟು ಬೇಗ ಆಯಿತು, ಯಾವ ಕೋಶದಲ್ಲಿ ಆಯಿತು ಎನ್ನುವುದರ ಮೇಲೆ ಎಷ್ಟು ದೂರ ಹರಡುತ್ತದೆ ಎನ್ನುವುದು ನಿಂತಿದೆ ಎಂದು ವಿಜ್ಞಾನಿಗಳ ಅಂದಾಜು. ಹಣೆಯ ಚರ್ಮ, ಕಣ್ಣಿನ ಒಳಪದರ, ಮಿದುಳಿನ ಹೊದಿಕೆ ಇವುಗಳ ರಕ್ತನಾಳಗಳು ಭ್ರೂಣದಲ್ಲಿ ಅಕ್ಕಪಕ್ಕದಲ್ಲೇ ಶುರುವಾಗುತ್ತವೆ, ಅದಕ್ಕೇ ಹಣೆಯ ಮಚ್ಚೆ ಕಂಡರೆ ಡಾಕ್ಟರು ಹುಷಾರಾಗುವುದು. ಕೆನ್ನೆ ಅಥವಾ ಗಲ್ಲದಲ್ಲಿ ಮಾತ್ರ ಇದ್ದರೆ ಇಷ್ಟು ಚಿಂತೆ ಇಲ್ಲ.

ಆದ್ದರಿಂದ ಇದು ವಂಶದಿಂದ ಬಂದದ್ದಲ್ಲ, ಮುಂದಿನ ಮಗುವಿಗೆ ಇದರಿಂದಾಗಿ ಅಪಾಯ ಹೆಚ್ಚುವುದೂ ಇಲ್ಲ. ರಕ್ತ ಕೊಟ್ಟು ಜೀನ್ ಪರೀಕ್ಷೆ ಮಾಡಿಸಿ ಎಂದು ಯಾರಾದರೂ ಹೇಳಿದರೆ ಒಂದು ಸಲ ಯೋಚಿಸಿ, ರಕ್ತದಲ್ಲಿ ಸಾಮಾನ್ಯವಾಗಿ ಇದು ಸಿಗುವುದಿಲ್ಲ. ನೆಟ್‌ನಲ್ಲಿ ಇದೇ ಜೀನ್ ಹೆಸರು ಹುಡುಕಿದರೆ ಕಣ್ಣಿನ ಕ್ಯಾನ್ಸರ್ ಎಂದೂ ಬರುತ್ತದೆ, ಅದನ್ನು ನೋಡಿ ಹೆದರಬೇಡಿ. ಅಲ್ಲಿ ಹೆಚ್ಚಾಗಿ ಕಾಣುವುದು ಅದೇ ಜೀನ್‌ನ ಬೇರೆ ಜಾಗದ, ತುಂಬಾ ಜೋರಾದ ಬದಲಾವಣೆ.

ಕಣ್ಣು ನೋಡುವವನು:

ಆಪ್ಟೊಮೆಟ್ರಿಸ್ಟ್ ನಾನು, ಮಕ್ಕಳ ಕಣ್ಣಿನ ವಿಭಾಗದಲ್ಲಿ ಕೆಲಸ. ನಿದ್ದೆಗೆಟ್ಟ ಅಮ್ಮ ಹೇಳಿದ್ದು ಸರಿ, ಕಣ್ಣು ಮೊದಲು. ಕಾರಣ ಹೇಳುತ್ತೇನೆ. ಸ್ಟರ್ಜ್-ವೆಬರ್‌ನಲ್ಲಿ ಗ್ಲಾಕೋಮಾ (ಕಣ್ಣೊಳಗಿನ ಒತ್ತಡ ಏರಿ ನರ ಹಾಳಾಗುವ ಕಾಯಿಲೆ) ಬರುವ ಪ್ರಮಾಣ ನೂರಕ್ಕೆ 30ರಿಂದ 70 ಎಂದು ಬೇರೆ ಬೇರೆ ಕಡೆ ಬರೆದಿರುತ್ತಾರೆ. ಮೇಲಿನ ರೆಪ್ಪೆ ಮೇಲೆ ಮಚ್ಚೆ ಇದ್ದರೆ ಆ ಕಡೆಯ ಕಣ್ಣಿಗೆ ಅಪಾಯ ಜಾಸ್ತಿ. ಅದು ಬರುವ ಕಾಲ ಎರಡು: ಒಂದು ಮೊದಲ ವರ್ಷ, ಇನ್ನೊಂದು ದೊಡ್ಡ ಮಗುವಾದ ಮೇಲೆ ಅಥವಾ ಯೌವನದಲ್ಲಿ. ಮೊದಲನೆಯದರಲ್ಲಿ ಕಣ್ಣಿನೊಳಗಿನ ನೀರು (ಕಣ್ಣೀರಲ್ಲ) ಹೊರಹೋಗುವ ಮೂಲೆಯೇ ಸರಿಯಾಗಿ ಬೆಳೆದಿರುವುದಿಲ್ಲ. ಎರಡನೆಯದರಲ್ಲಿ ಕಣ್ಣಿನ ಹೊರಗಿನ ರಕ್ತನಾಳಗಳಲ್ಲೇ ಒತ್ತಡ ಜಾಸ್ತಿ ಇರುವುದರಿಂದ ನೀರು ಇಳಿಯುವುದಿಲ್ಲ.

ಮನೆಯಲ್ಲಿ ನೋಡಬಹುದಾದದ್ದು ಇಷ್ಟು. ಬೆಳಕಿಗೆ ಬಂದರೆ ಕಣ್ಣು ಬಿಗಿಯಾಗಿ ಮುಚ್ಚುತ್ತಾಳಾ, ತಲೆ ತಿರುಗಿಸುತ್ತಾಳಾ? ಕಪ್ಪು ಗುಡ್ಡೆ ಒಂದಕ್ಕಿಂತ ಇನ್ನೊಂದು ದೊಡ್ಡದಾಗಿ ಕಾಣುತ್ತದಾ? ಮೇಲಿನ ಗಾಜಿನಂಥ ಪದರ ಮಂಕಾಗಿ, ಹಬೆ ಹಿಡಿದಂತಿದೆಯಾ? ಹುಟ್ಟಿದ ಮಗುವಿನಲ್ಲಿ ಆ ಪದರದ ಅಗಲ ಸುಮಾರು 10 ಮಿಲಿಮೀಟರ್. ವರ್ಷದೊಳಗೆ 12 ದಾಟಿದರೆ ನಾವು ಅನುಮಾನ ಪಡುತ್ತೇವೆ. ಪುಟ್ಟ ಮಕ್ಕಳ ಕಣ್ಣಿನ ಗೋಡೆ ಮೆತ್ತಗಿರುತ್ತದೆ, ಒಳಗೆ ಒತ್ತಡ ಏರಿದರೆ ಇಡೀ ಕಣ್ಣೇ ಹಿಗ್ಗುತ್ತದೆ. ಎಷ್ಟೋ ಅಪ್ಪ ಅಮ್ಮಂದಿರು ‘ದೊಡ್ಡ ಕಣ್ಣು, ಎಷ್ಟು ಚೆಂದ’ ಎಂದುಕೊಂಡಿರುತ್ತಾರೆ. ಯಾರನ್ನೂ ದೂರುವ ಹಾಗಿಲ್ಲ, ನೋಡಲು ನಿಜವಾಗಿಯೂ ಚೆಂದವೇ.

ಒಂದು ಕಣ್ಣಲ್ಲಿ ನೀರು ಬರುವುದು ಬರೀ ಕಣ್ಣೀರಿನ ನಾಳ ಕಟ್ಟಿಕೊಂಡದ್ದೂ ಇರಬಹುದು, ಆಗ ಸಾಮಾನ್ಯವಾಗಿ ಪಿಸುರು ಕಟ್ಟುತ್ತದೆ, ಮಗು ಬೆಳಕಿಗೆ ಹೆದರುವುದಿಲ್ಲ. ಆದರೆ ಇದನ್ನು ಮನೆಯಲ್ಲಿ ಕೂತು ತೀರ್ಮಾನ ಮಾಡಬೇಡಿ. ಒತ್ತಡ ಅಳೆಸಿ, ಒಳಗೆ ನರವನ್ನೂ ಹಿಂಪದರವನ್ನೂ ನೋಡಿಸಿ. ಈ ಮಕ್ಕಳಿಗೆ ಕಣ್ಣಿನ ಹಿಂಪದರದಲ್ಲೂ ರಕ್ತನಾಳಗಳ ಗಡ್ಡೆಯಂಥದ್ದು ಹರಡಿರಬಹುದು. ಮತ್ತೆ, ಮೊದಲ ಸಲ ಎಲ್ಲ ಸರಿ ಇದೆ ಎಂದು ಬಂದರೂ ಅಲ್ಲಿಗೆ ಮುಗಿಯಲಿಲ್ಲ. ಮೊದಲ ವರ್ಷಗಳಲ್ಲಿ ಕೆಲವು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆಯಾದರೂ, ಜೀವನಪೂರ್ತಿ. ಜನ ತಪ್ಪುವುದು ಇಲ್ಲಿಯೇ. ಮಗು ದೊಡ್ಡದಾಯಿತು, ಏನೂ ಆಗಲಿಲ್ಲ ಎಂದು ಬಿಟ್ಟುಬಿಡುತ್ತಾರೆ, ದೊಡ್ಡವರಲ್ಲಿ ಗ್ಲಾಕೋಮಾ ನೋವೂ ಕೊಡುವುದಿಲ್ಲ, ನೀರೂ ಬರುವುದಿಲ್ಲ.

ಮಗಳಪ್ಪ:

ಎಲ್ಲರಿಗೂ ತುಂಬಾ ಧನ್ಯವಾದ. ಓದಿ ಹೇಳುವವರ ಉತ್ತರವನ್ನು ಹೆಂಡತಿಗೆ ಗಟ್ಟಿಯಾಗಿ ಓದಿ ಹೇಳಿದೆ. ಇನ್ನೊಮ್ಮೆ ಓದು ಎಂದಳು. ಕಣ್ಣಿನ ಡಾಕ್ಟರ ಬಳಿ ನಾಡಿದ್ದಕ್ಕೆ ಸಮಯ ಸಿಕ್ಕಿದೆ.

ಎಂಆರ್‌ಐ ಬಗ್ಗೆ ಮಾತ್ರ ಇನ್ನೂ ಗೊತ್ತಾಗುತ್ತಿಲ್ಲ. ಮಕ್ಕಳ ಡಾಕ್ಟರು ಮಾಡಿಸಿ ಎಂದರು. ಪರಿಚಯದ ಇನ್ನೊಬ್ಬ ಡಾಕ್ಟರು ಈಗ ಮಾಡಿಸಿದರೆ ದಂಡ, ಕಾಣಿಸುವುದೇ ಇಲ್ಲ, ವರ್ಷ ಆಗಲಿ ಎಂದರು. ಯಾರನ್ನು ನಂಬಲಿ?

ನಿಧಾನಸ್ಥ:

ಇಬ್ಬರೂ ಸುಳ್ಳು ಹೇಳಿಲ್ಲ. ನನ್ನ ಮಗಳಿಗೂ ಹಣೆ ಮೇಲೆ ಮಚ್ಚೆ ಇದೆ, ನಾವು ಕಾದೆವು. ನಮ್ಮ ನ್ಯೂರಾಲಜಿಸ್ಟ್ ಹೇಳಿದ ಲೆಕ್ಕ ಹೀಗಿತ್ತು: ತೀರಾ ಎಳೆ ಮಗುವಿನಲ್ಲಿ ಕಾಂಟ್ರಾಸ್ಟ್ (ರಕ್ತನಾಳ ಎದ್ದು ಕಾಣಿಸುವ) ಔಷಧಿ ಕೊಟ್ಟು ಎಂಆರ್‌ಐ ಮಾಡಿದರೂ ತಪ್ಪಿಹೋಗಬಹುದು. ಏನೂ ಇಲ್ಲ ಎಂದು ಬಂದರೆ ಅದನ್ನು ಪೂರ್ತಿ ನಂಬುವ ಹಾಗಿಲ್ಲ, ಇನ್ನೊಮ್ಮೆ ಮಾಡಿಸಲೇಬೇಕು. ಇದೆ ಎಂದು ಬಂದರೆ? ಫಿಟ್ಸ್ ಬರದೆ ಔಷಧಿ ಶುರು ಮಾಡಬೇಕಾ ಬೇಡವಾ ಎನ್ನುವುದರಲ್ಲಿ ತಜ್ಞರಲ್ಲೇ ಒಂದೇ ಮಾತಿಲ್ಲ. ಅಂದಮೇಲೆ ಮಗು ಚೆನ್ನಾಗಿರುವಾಗ ಮತ್ತಿನ ಔಷಧಿ ಕೊಟ್ಟು ಮಲಗಿಸಿ ಸ್ಕ್ಯಾನ್ ಮಾಡಿಸಿ ಏನು ಸಾಧಿಸಿದ ಹಾಗಾಯಿತು? ವರ್ಷ ದಾಟಿದ ಮೇಲೆ ಮಾಡಿಸಿದೆವು, ಸರಿಯಾಗಿತ್ತು, ಆಗ ಅದನ್ನು ನಂಬಬಹುದು.

ನಿದ್ದೆಗೆಟ್ಟ ಅಮ್ಮ:

ನಿಧಾನಸ್ಥರೇ, ನಿಮ್ಮ ಮಗಳಿಗೆ ಏನೂ ಇಲ್ಲದ್ದು ಸಂತೋಷ. ಆದರೆ ನಾನು ಈ ಮಾತನ್ನು ಪೂರ್ತಿ ಒಪ್ಪುವುದಿಲ್ಲ. ಫಿಟ್ಸ್ ಮೊದಲೇ ಬರುವ ಮಕ್ಕಳಿಗೆ ಮುಂದೆ ಕಷ್ಟ ಜಾಸ್ತಿ ಎನ್ನುವುದು ಗೊತ್ತಿರುವ ವಿಷಯ. ಆ ಕಡೆಯ ಮಿದುಳಿಗೆ ರಕ್ತ ಸರಿಯಾಗಿ ಹರಿಯುತ್ತಿರುವುದಿಲ್ಲ, ಫಿಟ್ಸ್ ಬಂದಾಗ ಮಿದುಳು ಕೇಳುವ ಆಮ್ಲಜನಕ ಇನ್ನೂ ಜಾಸ್ತಿ, ಸಿಗುವುದು ಕಡಿಮೆ. ಒಂದೊಂದು ಉದ್ದದ ಫಿಟ್ಸೂ ಸ್ವಲ್ಪ ಕಿತ್ತುಕೊಂಡು ಹೋಗುತ್ತದೆ. ಹಾಗಾಗಿ ಕೆಲವು ಕೇಂದ್ರಗಳಲ್ಲಿ ಮಿದುಳಿನಲ್ಲಿ ಇದೆ ಎಂದು ಗೊತ್ತಾದ ಕೂಡಲೇ, ಫಿಟ್ಸ್ ಬರುವ ಮೊದಲೇ, ಫಿಟ್ಸ್ ಔಷಧಿ ಮತ್ತು ಸಣ್ಣ ಪ್ರಮಾಣದ ಆಸ್ಪಿರಿನ್ ಶುರು ಮಾಡುತ್ತಾರೆ. ಗೊತ್ತಿದ್ದರೆ ಮನೆಯಲ್ಲಿ ತುರ್ತು ಔಷಧಿಯಾದರೂ ಇಟ್ಟುಕೊಂಡಿರಬಹುದು, ನಮಗೆ ಮೂಗಿಗೆ ಹಾಕುವ ಮಿಡಜೋಲಮ್ ಕೊಟ್ಟಿದ್ದಾರೆ, ಎಲ್ಲಿಗೆ ಹೋದರೂ ಚೀಲದಲ್ಲಿರುತ್ತದೆ.

ಇನ್ನು, ಎಲ್ಲ ಸ್ಕ್ಯಾನ್‌ಗೂ ಮತ್ತಿನ ಔಷಧಿ ಬೇಕಿಲ್ಲ. ಎರಡು ಮೂರು ತಿಂಗಳ ಮಗುವಿಗೆ ಹೊಟ್ಟೆ ತುಂಬ ಹಾಲು ಕೊಟ್ಟು, ಬಿಗಿಯಾಗಿ ಸುತ್ತಿ, ನಿದ್ದೆ ಮಾಡುತ್ತಿರುವಾಗಲೇ ಎಂಆರ್‌ಐ ಮಾಡುತ್ತಾರೆ. ದೊಡ್ಡದಾದ ಮೇಲೆ ಆ ಅನುಕೂಲ ಇರುವುದಿಲ್ಲ. ನಿಮ್ಮ ಕಡೆ ಮಾಡುತ್ತಾರಾ ಎಂದು ಕೇಳಿ.

ಆಸ್ಪಿರಿನ್ ಎಂದೆ, ಅದನ್ನು ಓದಿ ಯಾರೂ ಮನೆಯಲ್ಲಿ ಕೊಡಬೇಡಿ. ಮಕ್ಕಳಿಗೆ ಫ್ಲೂ ಅಥವಾ ಸಿಡುಬಿನಂಥ ಚಿಕನ್‌ಪಾಕ್ಸ್ ಬಂದಾಗ ಆಸ್ಪಿರಿನ್ ಹೊಟ್ಟೆಯಲ್ಲಿದ್ದರೆ ರೇ ಸಿಂಡ್ರೋಮ್ (ಮಿದುಳು, ಪಿತ್ತಜನಕಾಂಗ ಹಠಾತ್ತನೆ ಕೆಡುವುದು) ಎನ್ನುವ ಅಪಾಯ ಇದೆ. ಅದಕ್ಕೇ ನಮ್ಮ ಡಾಕ್ಟರು ಆ ಲಸಿಕೆಗಳ ಲೆಕ್ಕ ನೋಡಿಕೊಂಡೇ ಮುಂದುವರಿಸುತ್ತಾರೆ. ಜ್ವರವೂ ಈ ಮಕ್ಕಳಿಗೆ ಶತ್ರು, ಜ್ವರ ಏರಿದಾಗ, ಮೈಯಲ್ಲಿ ನೀರು ಕಡಿಮೆಯಾದಾಗ ಫಿಟ್ಸ್ ಬರುವುದು ಜಾಸ್ತಿ. ಜ್ವರ ಬಂದ ರಾತ್ರಿ ನಮ್ಮ ಮನೆಯಲ್ಲಿ ಒಬ್ಬರು ಎಚ್ಚರ ಇರುತ್ತೇವೆ. ಹೆಸರು ನೋಡಿದಿರಲ್ಲ.

ನಿಧಾನಸ್ಥ:

ಒಪ್ಪಿದೆ, ಮತ್ತಿನ ಔಷಧಿ ಇಲ್ಲದೆ ಆಗುವುದಾದರೆ ಲೆಕ್ಕ ಬೇರೆ. ಆದರೆ ಮಗಳಪ್ಪ, ಸ್ಕ್ಯಾನ್ ಈಗ ಮಾಡಿಸಿದರೂ ಬಿಟ್ಟರೂ ಒಂದು ಕೆಲಸ ನಿಮ್ಮ ಕೈಯಲ್ಲೇ ಇದೆ. ಮಗಳು ವಸ್ತು ಹಿಡಿಯಲು ಶುರು ಮಾಡಿದ ಮೇಲೆ ಯಾವ ಕೈ ಚಾಚುತ್ತಾಳೆ ನೋಡುತ್ತಿರಿ. ವರ್ಷದೊಳಗಿನ ಮಗುವಿಗೆ ಬಲಗೈ ಎಡಗೈ ಎಂಬ ಭೇದ ಇರಬಾರದು. ಆಟದ ಸಾಮಾನನ್ನು ಎಡಗಡೆ ಹಿಡಿದರೂ ಬಲಗೈಯನ್ನೇ ಅಡ್ಡ ತಂದು ಹಿಡಿಯುತ್ತಾಳೆ, ಎಡ ಮುಷ್ಟಿ ಸದಾ ಮುಚ್ಚಿಯೇ ಇರುತ್ತದೆ ಎಂದರೆ ಅದು ಅಭ್ಯಾಸ ಅಲ್ಲ, ಡಾಕ್ಟರಿಗೆ ಹೇಳಿ.

ಅರ್ಧಕೆಂಪು:

ಇಲ್ಲಿ ಎಲ್ಲರೂ ಅಪ್ಪ ಅಮ್ಮಂದಿರೇ ಇದ್ದೀರಿ, ನಾನು ಆ ಮಗು. ಈಗ ಮೂವತ್ತು ದಾಟಿದೆ. ಮಚ್ಚೆ ಬಲಗಡೆಯೇ, ನಿಮ್ಮ ಮಗಳ ಹಾಗೆ. ಚಿಕ್ಕಂದಿನಲ್ಲಿ ಫಿಟ್ಸ್ ಇತ್ತು, ಔಷಧಿಯಲ್ಲಿ ನಿಂತಿತು. ಎಡಗಡೆಯ ನೋಟ ಸ್ವಲ್ಪ ಇಲ್ಲ, ಎರಡೂ ಕಣ್ಣಲ್ಲಿ. ಕಣ್ಣಿನ ತಪ್ಪಲ್ಲ ಅದು, ಮಿದುಳಿನ ಹಿಂಭಾಗದ್ದು, ಈ ಕಾಯಿಲೆ ಹೆಚ್ಚಾಗಿ ಹಿಡಿಯುವುದು ಆ ಜಾಗವನ್ನೇ. ತಲೆ ತಿರುಗಿಸಿ ನೋಡುವುದು ಅಭ್ಯಾಸವಾಗಿದೆ. ಜೊತೆಗೆ ಮೈಗ್ರೇನ್, ಅದು ನನಗೆ ಫಿಟ್ಸ್‌ಗಿಂತ ದೊಡ್ಡ ತಲೆನೋವು. ಕೆಲಸ ಮಾಡುತ್ತೇನೆ, ಒಬ್ಬನೇ ಓಡಾಡುತ್ತೇನೆ. ಡ್ರೈವಿಂಗ್ ಮಾತ್ರ ಇಲ್ಲ.

ಯಾರೂ ಲೇಸರ್ ವಿಷಯ ಎತ್ತಲಿಲ್ಲ, ನೀವೂ ಕೇಳಲಿಲ್ಲ, ಆದರೆ ನಾಳೆ ಎಲ್ಲ ನೆಂಟರೂ ಅದನ್ನೇ ಕೇಳುತ್ತಾರೆ. ಪಲ್ಸ್ಡ್ ಡೈ ಲೇಸರ್ ಎಂದು ಹೆಸರು. ಅದರ ಬೆಳಕನ್ನು ರಕ್ತದ ಕೆಂಪು ಹೀರಿಕೊಂಡು ಬಿಸಿಯಾಗಿ ಆ ನಾಳ ಮುಚ್ಚಿಕೊಳ್ಳುತ್ತದೆ. ಪ್ರತಿ ಸಲ ಮಾಡಿದ ಮೇಲೆ ಮುಖದ ತುಂಬ ದುಂಡು ದುಂಡು ನೇರಳೆ ಕಲೆ, ಒಂದೆರಡು ವಾರ ಇರುತ್ತದೆ. ಹಲವು ಸಲ ಮಾಡಿಸಬೇಕು. ಎಳೆ ವಯಸ್ಸಿನಲ್ಲಿ ಚರ್ಮ ತೆಳ್ಳಗಿರುವಾಗ ಮಾಡಿಸಿದರೆ ಚೆನ್ನಾಗಿ ತಿಳಿಯಾಗುತ್ತದೆ ಎನ್ನುತ್ತಾರೆ, ನಾನು ಹದಿಹರೆಯದಲ್ಲಿ ಶುರು ಮಾಡಿದವನು, ಅರ್ಧ ತಿಳಿಯಾಯಿತು, ವರ್ಷಗಳ ನಂತರ ಸ್ವಲ್ಪ ವಾಪಸ್ ಬಂತು. ಪೂರ್ತಿ ಹೋಗುತ್ತದೆ ಎಂದು ಮಾತು ಕೊಡುವವರನ್ನು ನಂಬಬೇಡಿ. ಚರ್ಮ ಕಪ್ಪಿದ್ದರೆ ಲೇಸರ್ ಆ ಬಣ್ಣವನ್ನೂ ಸುಡಬಹುದು, ಅಂಥ ಚರ್ಮಕ್ಕೆ ಮಾಡಿ ಅನುಭವ ಇರುವವರ ಬಳಿಯೇ ಹೋಗಿ. ಮುಖ್ಯವಾಗಿ, ಲೇಸರ್ ಹೊರಗಿನ ಬಣ್ಣಕ್ಕೆ ಮಾತ್ರ. ಒಳಗಿನ ಕಣ್ಣಿಗೂ ಮಿದುಳಿಗೂ ಅದರಿಂದ ಏನೂ ಆಗುವುದಿಲ್ಲ.

ಹಾಗಂತ ಅದು ಬರೀ ಸೌಂದರ್ಯದ ವಿಷಯ ಎಂದು ತಳ್ಳಿಹಾಕುವವರ ಮೇಲೂ ನನಗೆ ಸಿಟ್ಟಿದೆ. ವಯಸ್ಸಾದಂತೆ ಈ ಮಚ್ಚೆ ದಪ್ಪವಾಗುತ್ತದೆ, ಗಂಟು ಗಂಟಾಗುತ್ತದೆ, ತಾಗಿದರೆ ರಕ್ತ ಬರುತ್ತದೆ, ತುಟಿ ಒಸಡು ಊದುವುದೂ ಇದೆ. ಜೊತೆಗೆ ದಿನಾ ‘ಸುಟ್ಟಿದ್ದಾ?’ ಎಂದು ಕೇಳುವ ಅಪರಿಚಿತರು. ಗೊರ್ಬಚೆವ್ ತಲೆ ಮೇಲೆ ಇದ್ದದ್ದೂ ಪೋರ್ಟ್ ವೈನ್ ಸ್ಟೇನೇ, ಲೋಕವೆಲ್ಲ ನೋಡಿತು. ಆದರೆ ಅವರಿಗೆ ಯಾರೂ ಬಸ್ಸಲ್ಲಿ ಹಾಗೆ ಕೇಳಿರಲಿಕ್ಕಿಲ್ಲ. ಮಗಳಿಗೆ ಮಾತು ಬರುವ ಹೊತ್ತಿಗೆ ಒಂದು ಉತ್ತರ ಕಲಿಸಿಬಿಡಿ, ‘ಇದು ನನ್ನ ಹುಟ್ಟುಮಚ್ಚೆ, ನೋವಿಲ್ಲ, ಅಂಟುವುದಿಲ್ಲ.’ ನಮ್ಮ ಮನೆಯಲ್ಲಿ ಯಾರೂ ಅದರ ಮಾತೇ ಎತ್ತುತ್ತಿರಲಿಲ್ಲ, ಪಾಪ ನನಗೆ ನೋವಾಗಬಾರದು ಎಂದು. ಅದರಿಂದ ನನಗೆ ಅನಿಸಿದ್ದು ಮಾತಾಡಬಾರದಷ್ಟು ಕೆಟ್ಟದ್ದು ಏನೋ ನನ್ನ ಮುಖದ ಮೇಲಿದೆ ಎಂದು.

ಮತ್ತೆ ಕಣ್ಣು ನೋಡುವವರ ಮಾತಿಗೆ ನಾನೇ ಸಾಕ್ಷಿ. ನನ್ನ ಗ್ಲಾಕೋಮಾ ಸಿಕ್ಕಿದ್ದು ಇಪ್ಪತ್ತು ದಾಟಿದ ಮೇಲೆ, ಕನ್ನಡಕ ಬದಲಾಯಿಸಲು ಹೋದಾಗ.

ಓದಿ ಹೇಳುವವ:

ಒಂದು ಸಣ್ಣ ಸೇರ್ಪಡೆ, ಹಳೆಯ ವಿಷಯ ಇಷ್ಟಪಡುವವರಿಗೆ. 1879ರಲ್ಲಿ ವಿಲಿಯಂ ಸ್ಟರ್ಜ್ ಎಂಬ ವೈದ್ಯ ಲಂಡನ್ನಿನಲ್ಲಿ ಆರೂವರೆ ವರ್ಷದ ಹುಡುಗಿಯೊಬ್ಬಳ ವಿಷಯ ಮುಂದಿಟ್ಟ. ಮುಖದಲ್ಲಿ ಮಚ್ಚೆ, ಅದೇ ಕಡೆ ಹಿಗ್ಗಿದ ಕಣ್ಣು, ಎದುರು ಬದಿಯಲ್ಲಿ ಫಿಟ್ಸ್. ಮಿದುಳಿನ ಮೇಲೂ ಇಂಥದ್ದೇ ಮಚ್ಚೆ ಇರಬೇಕು ಎಂದು ಬರೀ ಊಹೆಯಿಂದ ಹೇಳಿದ. ಆಗ ಎಕ್ಸ್‌ರೇ ಕೂಡ ಇರಲಿಲ್ಲ. ವೆಬರ್ ಎಂಬಾತ ಎಕ್ಸ್‌ರೇಯಲ್ಲಿ ಮಿದುಳಿನೊಳಗಿನ ಬದಲಾವಣೆ ತೋರಿಸಿದ್ದು 1922ರಲ್ಲಿ. ಜೀನ್ ಸಿಕ್ಕಿದ್ದು 2013 ಎಂದೆನಲ್ಲ, ಅದಾದ ಮೇಲೆ ಆ ಜೀನ್ ಕೋಶದೊಳಗೆ ಸಂದೇಶ ಕಳಿಸುವ ದಾರಿಯ ಮೇಲೇ ಕೆಲಸ ಮಾಡುವ ಸಿರೊಲಿಮಸ್‌ನಂಥ ಔಷಧಿಗಳನ್ನು ಈ ಮಕ್ಕಳಲ್ಲಿ ಪ್ರಯೋಗ ಮಾಡಿ ನೋಡುತ್ತಿದ್ದಾರೆ. ಇನ್ನೂ ಎಲ್ಲರಿಗೂ ಕೊಡುವ ಹಂತಕ್ಕೆ ಬಂದಿಲ್ಲ. ಔಷಧಿಗೆ ಬಗ್ಗದ ಫಿಟ್ಸ್‌ಗೆ ಆಪರೇಷನ್ ಇದೆ, ನೀವು ಓದಿ ಬೆಚ್ಚಿಬಿದ್ದ ಆ ಮಿದುಳಿನ ಆಪರೇಷನ್ ಅದೇ. ಅದು ಎಲ್ಲರಿಗಲ್ಲ, ಕೆಲವರಿಗೆ ಮಾತ್ರ.

ಮಗಳಪ್ಪ:

ಕಣ್ಣಿನ ಡಾಕ್ಟರನ್ನು ನೋಡಿ ಬಂದೆವು. ಬಲಗಣ್ಣಿನ ಒತ್ತಡ ಜಾಸ್ತಿ ಇದೆ, ಕಪ್ಪುಗುಡ್ಡೆಯ ಅಗಲವೂ ಎಡಗಣ್ಣಿಗಿಂತ ಸ್ವಲ್ಪ ಹೆಚ್ಚು. ನರ ಸದ್ಯಕ್ಕೆ ಚೆನ್ನಾಗಿದೆಯಂತೆ. ಟಿಮೊಲಾಲ್ ಹನಿ ಬರೆದಿದ್ದಾರೆ, ಆದರೆ ಈ ವಯಸ್ಸಿನಲ್ಲಿ ಹನಿ ಸಾಲುವುದು ಕಡಿಮೆ, ಆಪರೇಷನ್ ಮಾಡಿ ನೀರು ಹೋಗುವ ದಾರಿ ಬಿಡಿಸಬೇಕಾಗಬಹುದು ಎಂದರು. ಅರಿವಳಿಕೆ ಕೊಡುವ ದಿನವೇ ಎಂಆರ್‌ಐ ಕೂಡ ಮಾಡಿಸಿದರೆ ಎರಡು ಸಲ ಮತ್ತಿನ ಔಷಧಿ ಕೊಡುವುದು ತಪ್ಪುತ್ತದೆ ಅಲ್ವಾ ಎಂದು ನಾನೇ ಕೇಳಿದೆ, ನ್ಯೂರಾಲಜಿಸ್ಟ್ ಜೊತೆ ಮಾತಾಡಿ ಹೇಳುತ್ತೇವೆ ಎಂದಿದ್ದಾರೆ. ನಿಮ್ಮೆಲ್ಲರ ಮಾತು ಓದಿರದಿದ್ದರೆ ಆ ಪ್ರಶ್ನೆ ನನಗೆ ಹೊಳೆಯುತ್ತಲೇ ಇರಲಿಲ್ಲ.

ಈಗ ಒಂದೇ ತೊಂದರೆ. ಹನಿ ಹಾಕಲು ಹೋದರೆ ಕಣ್ಣು ಬಿಡುವುದೇ ಇಲ್ಲ, ಅಳುತ್ತಾಳೆ, ಎಲ್ಲ ಕೆನ್ನೆ ಮೇಲೆ ಹರಿಯುತ್ತದೆ. ಒಳಗೆ ಹೋಯಿತಾ ಇಲ್ಲವಾ ಗೊತ್ತಾಗದೆ ಇನ್ನೊಂದು ಹನಿ ಹಾಕಲಾ ಬೇಡವಾ ಎಂದು ಗಂಡ ಹೆಂಡತಿ ಜಗಳ.

ಕಣ್ಣು ನೋಡುವವನು:

ಇನ್ನೊಂದು ಹನಿ ಬೇಡ. ಟಿಮೊಲಾಲ್ ಮೈಗೆ ಸೇರಿದರೆ ಎಳೆ ಮಗುವಿನ ಉಸಿರು, ಎದೆಬಡಿತ ನಿಧಾನವಾಗಬಹುದು, ಹಾಗಾಗಿ ಬರೆದಷ್ಟೇ. ಕಣ್ಣು ಬಿಡಿಸಲು ಹೋಗಲೇಬೇಡಿ. ಅಂಗಾತ ಮಲಗಿಸಿ, ಮುಚ್ಚಿದ ಕಣ್ಣಿನ ಮೂಗಿನ ಕಡೆಯ ಮೂಲೆಯಲ್ಲಿ ಒಂದು ಹನಿ ಬಿಡಿ. ತಲೆ ಅಲುಗದಂತೆ ಹಿಡಿದುಕೊಂಡು ಕಾಯಿರಿ. ಅವಳು ಕಣ್ಣು ಬಿಟ್ಟ ತಕ್ಷಣ ಅದು ತಾನೇ ಒಳಗೆ ಜಾರುತ್ತದೆ. ಆಮೇಲೆ ಅದೇ ಮೂಲೆಯನ್ನು, ಮೂಗಿನ ಎಲುಬಿಗೆ ತಾಗುವಂತೆ, ಕಿರುಬೆರಳಿನಿಂದ ಒಂದೆರಡು ನಿಮಿಷ ಮೆಲ್ಲಗೆ ಒತ್ತಿಹಿಡಿಯಿರಿ, ಔಷಧಿ ಮೂಗಿಗೆ ಇಳಿದು ರಕ್ತಕ್ಕೆ ಸೇರುವುದು ಕಡಿಮೆಯಾಗುತ್ತದೆ. ಹರಿದದ್ದನ್ನು ಒರೆಸಿಬಿಡಿ. ಹನಿ ಹಾಕಿದ ಮೇಲೆ ಉಸಿರಾಟದಲ್ಲಿ ಸದ್ದು, ತೀರಾ ಮಂಕು, ಹಾಲು ಬೇಡ ಎನ್ನುವುದು ಕಂಡರೆ ಮುಂದಿನ ಹನಿ ಹಾಕದೆ ಕೂಡಲೇ ಡಾಕ್ಟರಿಗೆ ಫೋನ್ ಮಾಡಿ, ಉಸಿರಿಗೆ ಕಷ್ಟಪಡುತ್ತಿದ್ದರೆ ಫೋನ್ ಬಿಟ್ಟು ಆಸ್ಪತ್ರೆಗೇ ಓಡಿ. ಮುಂದೆ ಯಾರಾದರೂ ಗ್ಲಾಕೋಮಾಕ್ಕೆ ಬ್ರಿಮೊನಿಡಿನ್ ಎನ್ನುವ ಹನಿ ಬರೆದರೆ ಮಗುವಿನ ವಯಸ್ಸು ನೆನಪಿಸಿ, ಎರಡು ವರ್ಷದೊಳಗಿನವರಿಗೆ ಅದನ್ನು ಕೊಡುವುದಿಲ್ಲ. ದೊಡ್ಡವರ ಕಣ್ಣು ನೋಡುವ ಕಡೆ ಹೋದಾಗ ಹಾಗೆ ಆಗುವುದುಂಟು.

ಆಪರೇಷನ್ ದಿನಾಂಕ ಗೊತ್ತಾದರೆ ಇಲ್ಲಿ ಹಾಕಿ. ಆಮೇಲೆ ಕಣ್ಣಿಗೆ ಗುರಾಣಿ ಕಟ್ಟಿರುತ್ತಾರೆ, ಅದನ್ನು ಕೀಳದ ಹಾಗೆ ಕೈ ಹೇಗೆ ಸುತ್ತುವುದು ಎಂದು ಆಗ ಹೇಳುತ್ತೇನೆ.